ಬೀರುವಿನಲ್ಲಿಟ್ಟ ಕತ್ತರಿ

ಬೆಳಿಗ್ಗೆ ಮುಖ ತೊಳೆದ ಕೂಡಲೇ ದರ್ಜಿ ಮಾಡುವ ಮೊದಲ ಕೆಲಸ ಸೂಜಿಗೆ ದಾರ ಪೋಣಿಸುವುದು. ಹೊಲಿಯುವುದಕ್ಕಲ್ಲ. ಕಿಟಕಿಯ ಬೆಳಕಿಗೆ ಸೂಜಿ ಹಿಡಿದು, ಒಂದು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ದೇವರನ್ನು ನೆನೆದು ದಾರ ತೂರಿಸುತ್ತಾನೆ. ಒಂದೇ ಸಲಕ್ಕೆ ಹೋಯಿತೆಂದರೆ ಆ ದಿನ ಕೈ ತನ್ನ ಮಾತು ಕೇಳುತ್ತದೆ ಎಂಬ ಧೈರ್ಯ. ಜ್ವರ ಬಂದ ದಿನವೂ ಇದನ್ನು ಬಿಟ್ಟವನಲ್ಲ. ಕುಡಿತ ಜೋರಾಗಿದ್ದ ಕಾಲದಲ್ಲಿ ಆ ದಾರ ಸೂಜಿಯ ಸುತ್ತ ಊರೆಲ್ಲ ತಿರುಗಿ ಬರುತ್ತಿತ್ತೇ ಹೊರತು ಕಣ್ಣಿನೊಳಗೆ ಮಾತ್ರ ಕಾಲಿಡುತ್ತಿರಲಿಲ್ಲ.

ಅದೇ ಕಾಲದಲ್ಲಿ ಅವನು ಒಬ್ಬ ಮದುಮಗನ ಕೋಟಿಗೆ ಎರಡೂ ಎಡತೋಳನ್ನೇ ಕತ್ತರಿಸಿಬಿಟ್ಟ. ಹೆಂಡತಿ ಕೂಗಾಡಲಿಲ್ಲ. ಕತ್ತರಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇನ್ನು ಬಟ್ಟೆ ಕತ್ತರಿಸೋದು ನಾನು. ನೀವು ಗುಂಡಿ ಹಚ್ಚಿ, ಅಂಚು ಮಡಚಿ, ಸಾಕು."

"ಎಲ್ಲೀವರೆಗೆ?"

"ಕುಡಿತ ಬಿಡೋರೆಲ್ಲ ಸೇರಿ ಸಭೆ ಮಾಡ್ತಾರಂತೆ. ಹೋಗಿ ಬನ್ನಿ. ನಂಗೆ ನಂಬಿಕೆ ಬಂದ ದಿನ ನಾನೇ ತೆಗೆದು ಕೊಡ್ತೀನಿ."

ಕತ್ತರಿ ಇಲ್ಲದ ದರ್ಜಿಗೆ ಅಂಗಡಿಯಲ್ಲಿ ಎಷ್ಟು ಮರ್ಯಾದೆ? ಬಂದ ಗಿರಾಕಿಗಳೆಲ್ಲ ಅವನನ್ನು ದಾಟಿಕೊಂಡು ಹೋಗಿ "ಅಕ್ಕಾ, ಅಳತೆ ತಗೊಳ್ಳಿ" ಎನ್ನತೊಡಗಿದರು. ಅದು ಅವನ ಎದೆಗೆ ನಾಟಿತು.

ಔಷಧಿ ಅಂಗಡಿಯವನು ದಾರಿ ಹೇಳಿಕೊಟ್ಟ: "ಗ್ರಂಥಾಲಯದ ಹಿಂದಿನ ಮೆಟ್ಟಿಲು ಹತ್ತಿ. ಕುರ್ಚಿಗಳನ್ನ ದುಂಡಗೆ ಹಾಕಿರ್ತಾರೆ. ಹೆಸರು ಗಿಸರು ಯಾರೂ ಕೇಳಲ್ಲ."

ದರ್ಜಿ ಮೆಟ್ಟಿಲು ಹತ್ತಿದ. ಬಾಗಿಲು ತೆರೆದಿತ್ತು, ಕುರ್ಚಿಗಳೂ ದುಂಡಗಿದ್ದವು. ಆದರೆ ಕೂತವರೆಲ್ಲ ಹೆಂಗಸರು! ಎಲ್ಲರ ಕೈಯಲ್ಲೂ ಉಣ್ಣೆ, ಹೆಣಿಗೆ ಕಡ್ಡಿ. ಪಾಪ, ಕೈನಡುಕ ಹೋಗಲೆಂದು ಇದೂ ಒಂದು ಚಿಕಿತ್ಸೆ ಇರಬೇಕು ಅಂದುಕೊಂಡ. ಬೆಳಗಿನ ತನ್ನ ಸೂಜಿ ನೆನಪಾಗಿ ಅವರ ಮೇಲೆ ಅಕ್ಕರೆಯೂ ಬಂತು. ಒಳಗೆ ಹೋಗಿ ನಿಂತು, ಕೈಮುಗಿದು, "ನಾನು ಕುಡುಕ" ಎಂದುಬಿಟ್ಟ.

ಕಡ್ಡಿಗಳ ಸದ್ದು ನಿಂತಿತು. ಎಲ್ಲರಿಗಿಂತ ಹಿರಿಯ ಅಜ್ಜಿ ಕನ್ನಡಕದ ಮೇಲಿಂದ ನೋಡಿದಳು.

"ಆಗಲಿ ಮಗಾ, ಕೂತ್ಕೋ. ಉಲ್ಟಾ ಹೆಣಿಗೆ ಬರುತ್ತಾ?"

ಬರುತ್ತಿರಲಿಲ್ಲ. ಅಜ್ಜಿ ಕಲಿಸಿದಳು. ಅರ್ಧ ಕಾಲುಚೀಲ ಮುಗಿದ ಮೇಲೆ ನಿಧಾನವಾಗಿ, "ನೀನು ಹುಡುಕ್ತಿರೋದು ಇದರ ಮೇಲಿನ ಮಹಡಿ. ನಮ್ಮ ಯಜಮಾನರೂ ಅಲ್ಲಿಗೇ ಹೋಗ್ತಿದ್ರು" ಎಂದಳು.

"ಮೊದಲೇ ಹೇಳಬಾರದಿತ್ತಾ ಅಜ್ಜಿ!"

"ಕೈಗೆತ್ತಿಕೊಂಡ ಕೆಲಸ ಬಿಟ್ಟು ಏಳೋರನ್ನ ಕಂಡ್ರೆ ನಂಗಾಗಲ್ಲ."

ಅಷ್ಟರಲ್ಲಿ ಮೇಲಿನ ಸಭೆ ಮುಗಿದು ಜನ ಇಳಿದು ಹೋಗಿದ್ದರು. ಮನೆಯಲ್ಲಿ ಹೆಂಡತಿ ಅವನ ಜೇಬಿನಿಂದ ಇಣುಕುತ್ತಿದ್ದುದನ್ನು ಎಳೆದು ನೋಡಿದಳು. "ಕುಡಿತ ಬಿಡೋರಿಗೆ ಕಾಲುಚೀಲ ಹೆಣಿಸ್ತಾರೇನ್ರೀ?"

ಮುಂದಿನ ವಾರ ಅವನು ಸರಿಯಾದ ಮಹಡಿಯನ್ನೇ ಹತ್ತಿದ. ಕುರ್ಚಿಯಲ್ಲಿ ಕೂತು ತಲೆ ತಗ್ಗಿಸಿದ. ಯಾರಾದರೂ ಗುರುತು ಹಿಡಿದರೆ ಅಂಗಡಿಯ ಗತಿ?

ಎದುರಿಗಿದ್ದ ಬಸ್ ಡ್ರೈವರ್ ನಗುತ್ತಾ ಕೇಳಿದ, "ಹೆಸರು ಬೇಡ. ಏನು ಕೆಲಸ ಮಾಡ್ತೀರಿ ಅಣ್ಣಾ?"

"ಬಡಗಿ."

ಡ್ರೈವರ್ ಎದ್ದು ನಿಂತ. ಅವನ ಪ್ಯಾಂಟಿನ ಒಂದು ಕಾಲು ನೆಲ ಗುಡಿಸುತ್ತಿತ್ತು, ಇನ್ನೊಂದು ಹಿಮ್ಮಡಿಯ ಮೇಲೆ ಗೇಣುದ್ದ ಏರಿ ನಿಂತಿತ್ತು.

"ಹಾಗಾದ್ರೆ ಇದನ್ನ ಹೊಲಿದ ಬಡಗಿ ಯಾರಣ್ಣಾ?"

ಎಲ್ಲರೂ ಗೊಳ್ಳೆಂದರು. ಪಕ್ಕದ ನಿವೃತ್ತ ಮೇಷ್ಟ್ರು ಕೈ ಎತ್ತಿ ತಮ್ಮ ಅಂಗಿಯ ಜೇಬು ತೋರಿಸಿದರು. ಅದು ಕಂಕುಳಿನ ಕೆಳಗಿತ್ತು.

"ಈ ಪ್ಯಾಂಟು ಹಾಕ್ಕೊಂಡು ಹೋದ್ರೆ ನಮ್ಮನೆಯವಳು ಇವತ್ತೂ ಕುಡಿದು ಬಂದ್ರಾ ಅಂತಾಳೆ" ಎಂದ ಡ್ರೈವರ್. "ನಾನು ಕುಡಿದಿರಲ್ಲ, ಪ್ಯಾಂಟೇ ಹಾಗೆ ನಡೆಸುತ್ತೆ!"

ದರ್ಜಿಗೂ ನಗು ಬಂತು. ನಗುತ್ತಾ ನಗುತ್ತಾ ಅಳುವೂ ಬಂತು. ಆಮೇಲೆ ಎರಡು ಎಡತೋಳಿನ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದ.

ಅಲ್ಲಿಂದ ಅವನು ಸಭೆ ತಪ್ಪಿಸಲಿಲ್ಲ. ಹೋದಾಗಲೆಲ್ಲ ಅವರಿವರು ಕೊಟ್ಟ ಸೊಟ್ಟ ಬಟ್ಟೆಗಳನ್ನು ಬಗಲಲ್ಲಿ ಹೊತ್ತು ತರುತ್ತಿದ್ದ. ಅಂಗಡಿಯ ಮೂಲೆಯಲ್ಲಿ ಗುಡ್ಡೆ ಬೆಳೆಯಿತು.

ಒಂದು ಬೆಳಿಗ್ಗೆ ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅದನ್ನು ನೋಡಿದಳು, ಗುಡ್ಡೆಯನ್ನೂ ನೋಡಿದಳು. ಬೀರು ತೆಗೆದು, ಕತ್ತರಿಯನ್ನು ಸೆರಗಿನಿಂದ ಒರೆಸಿ ಅವನ ಮುಂದೆ ಹಿಡಿದಳು.

"ತಗೊಳ್ಳಿ. ನಂಗೆ ನಂಬಿಕೆ ಬಂತು."

ಅವನ ಕೈ ಅದರತ್ತ ಹೋಯಿತು. ಅರ್ಧದಲ್ಲೇ ನಿಂತಿತು.

"ನಿನ್ನೆ ಬರುವಾಗ ಆ ಸಾರಾಯಿ ಅಂಗಡಿ ಮುಂದೆ ಕಾಲು ತಾನಾಗೇ ನಿಂತುಬಿಡ್ತು ಕಣೇ. ಒಳಗೆ ಹೋಗಲಿಲ್ಲ. ಆದ್ರೆ ನಿಂತಿದ್ದು ನಿಜ."

ಅವಳು ಕತ್ತರಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಹೇಳಿದ್ರಲ್ಲ, ಅಷ್ಟು ಸಾಕು. ಹಿಡೀರಿ."

ಅವನು ಗುಡ್ಡೆಯ ಮೇಲಿಂದ ಡ್ರೈವರನ ಪ್ಯಾಂಟು ಎಳೆದು ತೊಡೆಯ ಮೇಲೆ ಹರಡಿಕೊಂಡ. ಉದ್ದದ ಕಾಲಿನ ಹೊಲಿಗೆಯನ್ನು ಸೂಜಿಯ ಮೊನೆಯಿಂದ ಮೆಲ್ಲಗೆ ಎಬ್ಬಿಸಿದ.

"ಒಳಗಿಡೇ. ಇದೆಲ್ಲ ಬಿಚ್ಚೋ ಕೆಲಸ. ಕತ್ತರಿ ಈಗಲೇ ಬೇಡ."