ಅರಿಶಿನ ಹಚ್ಚಿದ ಬಿಳಿ ಪೊಟ್ಟಣ

ಕರ್ಪೂರದ ವಾಸನೆ ಬಂದರೆ ಎಲ್ಲರಿಗೂ ದೇವರು ನೆನಪಾಗುತ್ತಾನೆ. ನನಗೆ ಬಿಳಿ ಕಾಗದ ನೆನಪಾಗುತ್ತದೆ. ಜರ್ಮನಿಯ ಡ್ಯೂಸೆಲ್ಡಾರ್ಫಿನಲ್ಲಿ ನಮ್ಮ ಮೇಲಿನ ಮನೆಯಲ್ಲಿ ತೋಮಿ ಅಜ್ಜಿ ಅಂತ ಒಬ್ಬಳು ಜಪಾನಿ ಮುದುಕಿ ಇದ್ದಳು. ಹುಳು ಹಿಡಿಯದಿರಲಿ ಎಂದು ಕಾಗದಗಳನ್ನು ಮರದ ಪೆಟ್ಟಿಗೆಯಲ್ಲಿ ಕರ್ಪೂರ ಹಾಕಿ ಇಡುತ್ತಿದ್ದಳು. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಅಪ್ಪ ಮೈಸೂರಿನ ಡಾಕ್ಟರೊಬ್ಬರ ಮನೆಗೆ ಅಡುಗೆಯವನಾಗಿ ಬಂದವನು, ಅಮ್ಮನನ್ನೂ ನನ್ನನ್ನೂ ಕರೆತಂದಿದ್ದ. ಎರಡು ಕೋಣೆ, ಒಂದು ಕಲ್ಲಿದ್ದಲ ಒಲೆ, ಎಂದೂ ಪೂರ್ತಿ ಒಣಗದ ಬಟ್ಟೆ. ಶಾಲೆಯಲ್ಲಿ ಹೇಳಿಕೊಟ್ಟದ್ದು ನನ್ನ ತಲೆಗೆ ಹತ್ತುತ್ತಿರಲಿಲ್ಲ. ತೋಮಿ ಅಜ್ಜಿ ಹೇಳಿಕೊಟ್ಟದ್ದು ಕೈಗೆ ಹತ್ತಿತು.

ಜಪಾನಿನವರಲ್ಲಿ ಯಾರಿಗೇನು ಕೊಟ್ಟರೂ ಹಾಗೇ ಕೊಡುವುದಿಲ್ಲ. ದಪ್ಪ ಬಿಳಿ ಕಾಗದದಲ್ಲಿ ಮಡಿಸಿ, ಕಾಗದದ್ದೇ ದಾರ ಕಟ್ಟಿ ಕೊಡಬೇಕು. ಅಂಟಿಲ್ಲ, ಕತ್ತರಿಯಿಲ್ಲ. ಶುಭಕ್ಕಾದರೆ ಕೆಂಪು ಬಿಳಿ ದಾರ. ಹಿಂಬದಿಯಲ್ಲಿ ಕೆಳಗಿನ ಮಡಿಕೆ ಮೇಲೆ ಬರಬೇಕು, ಮುಖ ಎತ್ತಿದ ಹಾಗೆ. ಸಾವಿಗಾದರೆ ಕಪ್ಪು ಬಿಳಿ ದಾರ. ಮೇಲಿನ ಮಡಿಕೆ ಕೆಳಗಿಳಿಯಬೇಕು, ತಲೆ ತಗ್ಗಿಸಿದ ಹಾಗೆ. ತಪ್ಪಿದರೆ ನನ್ನ ಬೆರಳಿಗೆ ಏಟು ಬೀಳುತ್ತಿತ್ತು.

ಆಗ ಅಮ್ಮ ಬಸುರಿ. ನನ್ನ ನಂತರ ಎರಡು ಬಸಿರು ನಿಲ್ಲದೆ ಹೋಗಿದ್ದವು, ಇದಾದರೂ ನಿಲ್ಲಲಿ ಎಂದು ಮನೆಯವರೆಲ್ಲ ಉಸಿರು ಬಿಗಿಹಿಡಿದಿದ್ದೆವು. ತೋಮಿ ಅಜ್ಜಿ ಕೂಸಿಗೆಂದು ಒಂದು ಟೋಪಿ ಹೆಣೆದು, ಬಿಳಿ ಕಾಗದದಲ್ಲಿ ಮಡಿಸಿ ತಂದು ಕೊಟ್ಟಳು. ಅಮ್ಮ ಅದನ್ನು ಹಿಂದೆ ಮುಂದೆ ನೋಡಿದಳು.

“ಏನೇ ಇದು, ಕಾಗದ ಬರೀ ಬಿಳಿ! ಸೂತಕದ ಮನೆ ಥರ. ತಾರೇ ಅರಿಶಿನ.”

ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ ಮೇಲೆಯೇ ಕಣ್ಣಿಗೊತ್ತಿಕೊಂಡಳು. ನಮ್ಮಲ್ಲಿ ಬಿಳಿ ಅಂದರೆ ಸಾವು ಎಂದು ನಾನು ಜರ್ಮನ್‌ನಲ್ಲಿ ಬಿಡಿಸಿ ಹೇಳಿದೆ. ಮುದುಕಿ ಕಿಟಕಿಯಾಚೆ ಕೈ ತೋರಿಸಿ, “ಪಾಪ, ಇಲ್ಲಿ ಹಿಮ ಬಿದ್ದಾಗೆಲ್ಲ ನಿಮ್ಮಮ್ಮ ಏನು ಮಾಡ್ತಾಳೆ?” ಅಂದಳು. ಅದನ್ನು ನಾನು ಕನ್ನಡದಲ್ಲಿ ಹೇಳಿದಾಗ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅಜ್ಜಿ ಯಾರ ಶುಭಕ್ಕೆ ಏನು ಮಡಿಸಿದರೂ ಮೊದಲು ಕೆಳಗಿಳಿದು ಬಂದು ಅಮ್ಮನ ಕೈಲಿ ಅರಿಶಿನ ಹಚ್ಚಿಸಿಕೊಳ್ಳುತ್ತಿದ್ದಳು.

ಹೆರಿಗೆಗೆ ಅಮ್ಮನನ್ನು ಕ್ರಾಂಕನ್‌ಹೌಸಿಗೆ, ಅಂದರೆ ಅಲ್ಲಿಯ ಆಸ್ಪತ್ರೆಗೆ, ಸೇರಿಸಿದರು. ಮಾರನೇ ದಿನ ಅಪ್ಪ ಮೊದಲು ಮೇಲಿನ ಮನೆಗೆ ಹೋಗಿ, ಆಮೇಲೆ ಕೆಳಗೆ ಬಂದು, “ತಂಗಿ ಹುಟ್ಟಿದ್ಲು ಕಣೇ ಪುಟ್ಟಿ. ಮಲಗಿದೆ ಮಗು,” ಅಂದು ಒಲೆಗೆ ಇದ್ದಲು ಹಾಕುತ್ತಾ ಕೂತ. ನಾನು ಕುಣಿದೆ. ಸಂಜೆ ತೋಮಿ ಅಜ್ಜಿ ಬಂದಳು. ಅರಿಶಿನ ಕೇಳಲಿಲ್ಲ. ಮೇಜಿನ ಮೇಲೆ ಪೊಟ್ಟಣವಿಟ್ಟು, ಅಪ್ಪನಿಗೆ ಬಗ್ಗಿ ನಮಸ್ಕರಿಸಿ ಹೋದಳು. ದಾರ ಕಪ್ಪು ಬಿಳಿ. ತಿರುಗಿಸಿ ನೋಡಿದೆ. ಮೇಲಿನ ಮಡಿಕೆ ಕೆಳಗಿಳಿದಿತ್ತು.

“ಅಪ್ಪ, ಮಗು ಹೋಯ್ತಾ?”

ಅಪ್ಪ ಒಲೆಯ ಕಡೆಗೇ ನೋಡುತ್ತಾ, “ನಿಂಗ್ಯಾರೇ ಹೇಳಿದ್ದು?” ಅಂದ. ಯಾರೂ ಹೇಳಿರಲಿಲ್ಲ.

ಅಮ್ಮ ಮನೆಗೆ ಬಂದಾಗ ಆ ಪೊಟ್ಟಣವನ್ನು ಬಚ್ಚಿಡಬೇಕು ಎಂದು ಅಪ್ಪನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅವಳು ಅದನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ನೋಡಿದಳು. ಆಮೇಲೆ ಅರಿಶಿನದ ಡಬ್ಬಿ ತೆಗೆದಳು.

“ಇದಕ್ಕೆ ಹಚ್ಚಬಾರದಮ್ಮಾ, ಇದು ಅದಕ್ಕೆ,” ಅಂದೆ.

“ಗೊತ್ತು, ಸುಮ್ನಿರೇ. ಹುಟ್ಟಿದ್ದಂತೂ ಹುಟ್ಟಿದ್ಲಲ್ಲ.”

ನಾಲ್ಕು ಮೂಲೆಗೂ ಹಚ್ಚಿದಳು. ಬಿಚ್ಚಲಿಲ್ಲ. ಟೋಪಿಯ ಜೊತೆ ಟ್ರಂಕಿನಲ್ಲಿಟ್ಟಳು. 

ಅಜ್ಜಿ ತನ್ನ ದೇಶಕ್ಕೆ ಹೋದಳು. ಅಪ್ಪ ಹೋದ, ಅಮ್ಮನೂ ಹೋದಳು. ಟ್ರಂಕು ನನ್ನ ಪಾಲಿಗೆ ಬಂತು. ನಿಮ್ಮ ಮನೆಯಲ್ಲೂ ಇಂಥದ್ದು ಒಂದು ಇದ್ದೀತು, ಎಸೆಯಲೂ ಆಗದ್ದು, ಬಿಚ್ಚಲೂ ಆಗದ್ದು. ಒಳಗೇನಿದೆಯೋ ನನಗೆ ಗೊತ್ತಿಲ್ಲ. ಮೂಲೆಗಳ ಅರಿಶಿನ ಮಾಸಿ ಕಂದು ಬಣ್ಣಕ್ಕೆ ತಿರುಗಿದೆ. ಹೆಸರಿಡುವಷ್ಟು ದಿನವೂ ಬದುಕದ ನನ್ನ ತಂಗಿಗೆ ಈ ಲೋಕದಲ್ಲಿ ಆದ ಶಾಸ್ತ್ರ ಅಂದರೆ ಅದೊಂದೇ.