ಗುರುತಿನವರಿಗಾಗಿ ತೆರವಿಟ್ಟ ತಂತಿ

ನಾಸಿಕದಿಂದ ಸಂಭಾಜಿನಗರಕ್ಕೆ ಹೊರಡುವ ಬಸ್ಸಿನ ಕಿಟಕಿಯೊಳಗೆ ಕೈತೂರಿಸಿ ಆಸನದ ಮೇಲೆ ಕರವಸ್ತ್ರ ಎಸೆದಾಗಲೆಲ್ಲ, ಗೆಳೆಯರೇ, ಆ ಚೌಕಬಟ್ಟೆಯ ಅಧಿಕಾರ ನನ್ನನ್ನು ಬೆರಗುಗೊಳಿಸುತ್ತದೆ. ಒಡೆಯನ ಹೆಸರನ್ನೂ ಕೇಳದೆ ಜನ ಅದಕ್ಕೆ ಜಾಗ ಬಿಡುತ್ತಾರೆ. ಇಂಥ ಮೀಸಲನ್ನು ಕಂಡುಹಿಡಿದವನು ನಾನೇ ಎಂದು ಯಾರಾದರೂ ಹಕ್ಕುಪತ್ರ ಹಿಡಿದು ಬಂದರೆ ನಗುತ್ತೇವೆ. ಹಾಗೆ ಒಬ್ಬರು ಬಂದೇಬಿಟ್ಟರು.

ನನ್ನ ತಮ್ಮನ ಮಗಳು ಶೈಲಾ ಸಂಭಾಜಿನಗರದ ಪಕ್ಕದ ವಾಳೂಜಿನ ಕಾರ್ಖಾನೆಗಳಿಗೆ ಇಂಟರ್ನೆಟ್ ಒದಗಿಸುವ ಸಣ್ಣ ಉದ್ಯಮ ನಡೆಸುತ್ತಾಳೆ. ಜಾಲದಲ್ಲಿ ಎಷ್ಟೇ ದಟ್ಟಣೆಯಿದ್ದರೂ ಗುರುತು ದೃಢಪಟ್ಟ ವೈದ್ಯರಿಗೂ ಅಗ್ನಿಶಾಮಕರಿಗೂ ಒಂದು ಪಾಲು ಸದಾ ತೆರವಾಗಿರುವಂತೆ ಏರ್ಪಡಿಸಿದ್ದಳು. ಅದು ತನ್ನ ಪೇಟೆಂಟ್, ಕೂಡಲೇ ನಿಲ್ಲಿಸಿ ಎಂದು ದೊಡ್ಡ ಕಂಪನಿಯೊಂದು ನೋಟಿಸು ಕಳಿಸಿತು. ನಿಲ್ಲಿಸಿದರೆ ಗಿರಾಕಿಗಳು ಕೈಬಿಡುವುದು ಖಚಿತವಾಗಿತ್ತು.

ಮೆಟ್ರಿಕ್ಕಿಗೇ ಶಾಲೆ ಬಿಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡ ನನಗೆ 'ಮೊದಲಿಗ' ಎಂಬ ಮಾತಿನ ಮೇಲೆ ಹುಟ್ಟು ಅನುಮಾನ.

"ಇದನ್ನ ನಾ ನಲವತ್ತು ವರ್ಷದ ಹಿಂದೇ ಮಾಡೀನಿ," ಎಂದೆ.

"ಕಾಕಾ, ನಿಮ್ಮ ಟ್ರಂಕ್ ಕಾಲಿನ ಪುರಾಣ ವಕೀಲರು ಕೇಳಂಗಿಲ್ರಿ," ಎಂದು ಶೈಲಾ ನಕ್ಕಳು.

ಆದರೆ ಅವಳ ವಕೀಲೆ ಕಿವಿಗೊಟ್ಟು ಕೇಳಿದರು. ನಾಸಿಕದ ದೂರವಾಣಿ ಕಚೇರಿಯಲ್ಲಿ ನಾನು ಆಪರೇಟರ್ ಆಗಿದ್ದಾಗ ಒಂದು ತಂತಿಯನ್ನು ವೈದ್ಯರಿಗಾಗಿ ತೆರವಿಟ್ಟು, ದನಿ ಗುರುತಿಸಿ ಜೋಡಿಸುತ್ತಿದ್ದೆ. ಒಂದು ಸಂಜೆ 'ನಾನು ಡಾಕ್ಟರ್' ಎಂದ ದನಿಯ ಹಿಂದೆ ದ್ರಾಕ್ಷಿ ಹರಾಜಿನ ಕೂಗು ಕೇಳಿಸಿತು. ಕರೆ ಕತ್ತರಿಸಿ, ಆ ದನಿ ಹೆಸರು ಹೇಳಿದ ಡಾಕ್ಟರ ಮನೆಗೆ ಫೋನ್ ಮಾಡಿದರೆ ಅವರು ರೊಟ್ಟಿ ತಿನ್ನುತ್ತಿದ್ದರು! ಅಂದಿನಿಂದ, ಡೈರೆಕ್ಟರಿಯಲ್ಲಿರುವ ನಂಬರಿಗೆ ಮರಳಿ ಕರೆದು ಖಚಿತಪಡಿಸಿಕೊಂಡ ಮೇಲಷ್ಟೇ ತಂತಿ.

ವಕೀಲೆ ನೆಟ್ಟಗೆ ಕುಳಿತರು. "ಮೊದಲೇ ಬಳಕೆಯಲ್ಲಿದ್ದದ್ದಕ್ಕೆ ಪೇಟೆಂಟ್ ನಿಲ್ಲುವುದಿಲ್ಲ. ಇದಕ್ಕೆ ಸಾಕ್ಷಿ?"

ಸಾಕ್ಷಿಯೆಂದರೆ, ಹರಾಜುಕಟ್ಟೆಯಲ್ಲಿ ವಿಚಾರಿಸಿ ನಾನು ಆಗಲೇ ಪತ್ತೆಹಚ್ಚಿದ್ದ ಆ ಕಳ್ಳ ಡಾಕ್ಟರನೇ: ಬೀದರಿನಿಂದ ಬಂದು ನಾಸಿಕದಲ್ಲಿ ನೆಲೆಸಿದ ದ್ರಾಕ್ಷಿ ವ್ಯಾಪಾರಿ ಶಿವರಾಜಪ್ಪ. ದರದ ಆಸೆಗೆ ವೈದ್ಯನ ವೇಷ ಹಾಕಿದ ಲೋಭಿಯೆಂದು ಅವನ ಕಥೆಯನ್ನು ಊರಿಗೆಲ್ಲ ಹೇಳಿಕೊಂಡು ಬಂದವನು ನಾನು. ಈಗ ಅವನ ಬಾಗಿಲಲ್ಲೇ ನಿಂತೆ.

"ಸಹಿ ಮಾಡತೀನ್ರಿ. ಆದರ ದರಕ್ಕ ಫೋನ್ ಮಾಡಿದ್ದ ಅಂತ ಬರೀಬ್ಯಾಡ್ರಿ," ಎಂದ ಶಿವರಾಜಪ್ಪ, ಒಳಗಿದ್ದ ಹೆಂಡತಿಯತ್ತ ಕೈ ತೋರಿಸುತ್ತ. "ಐದು ಗಂಟೆಗೆ ನಮ್ಮ ಮಾವ ಅಂಗಡ್ಯಾಗ ಇರತಿದ್ದಿಲ್ಲ, ಫೋನ್ ಈಕೀನೇ ಎತ್ತತಿದ್ದಳು. ಲಗ್ನಕ್ಕಂತ ಈಕಿನ್ನ ನೋಡಿಕೊಂಡು ಬಂದಿದ್ದೆ. ಒಪ್ಪೀನಿ ಅಂತ ಈಕಿಗೇ ಹೇಳಬೇಕಾಗಿತ್ತು."

ಚಹಾ ತಂದ ಅವನ ಹೆಂಡತಿ ಸಂಗಮ್ಮ ಕಪ್ಪನ್ನು ನನ್ನ ಮುಂದೆ ಕುಕ್ಕಿದರು. "ಫೋನ್ ಕಡಿದವರು ನೀವೇ ಏನ್ರಿ? ಮೂರು ದಿನ ಊಟ ಬಿಟ್ಟಿದ್ದೆ ನಾ! ಅದನ್ನೂ ಬರಸ್ರಿ."

ಪರರ ಕಥೆಗಳನ್ನೆಲ್ಲ ಶಂಕಿಸುತ್ತ ಬಂದ ನಾನು, ನಾನೇ ಕಟ್ಟಿದ ಕಥೆಯನ್ನು ಒಂದು ದಿನವೂ ಶಂಕಿಸಿರಲಿಲ್ಲ. ಮನುಷ್ಯನ ಗುರುತನ್ನು ಪರೀಕ್ಷಿಸುವುದು ಸುಲಭ. ಅವನ ಅಗತ್ಯವನ್ನು ಅಳೆಯುವ ಯಂತ್ರಕ್ಕೆ ಇನ್ನೂ ಯಾರೂ ಪೇಟೆಂಟ್ ಕೇಳಿದಂತಿಲ್ಲ.

ಶಿವರಾಜಪ್ಪ ಸಹಿ ಮಾಡಿದ ಅಫಿಡವಿಟ್ಟು ತಲುಪಿದ ಕೆಲವು ತಿಂಗಳಿಗೆ ಕಂಪನಿ ನೋಟಿಸನ್ನು ಹಿಂದಕ್ಕೆ ಪಡೆಯಿತು. ಪೇಡೆ ಹಿಡಿದು ಬಂದ ಶೈಲಾಳಿಗೆ, ಗುರುತಿಲ್ಲದವರಿಗೂ ಒಂದು ಸಣ್ಣ ಪಾಲು ತೆರವಿಡು ಎಂದೆ.

"ಗುರುತಿಲ್ಲದವರು ಅದರಾಗ ಏನ್ ಮಾಡತಾರೋ ಯಾರಿಗೆ ಗೊತ್ತು, ಕಾಕಾ?"

"ಮದುವಿ ಮಾಡಿಕೋತಾರವ್ವ."