ಮಜ್ಜಿಗೆಗೆ ಹೆದರುವ ಬೆರಳು

ಮದುವೆಯಾಗಿ ಬ್ಯಾಡಗಿಗೆ ಬಂದ ಎರಡನೇ ವರ್ಷ, ಎಂಬತ್ತರ ದಶಕದ ಕೊನೆಯಲ್ಲಿ, ನನ್ನ ಬಲಗೈ ಉಂಗುರ ಬೆರಳಿನ ಉಗುರಿನಡಿ ನೋವು ಶುರುವಾಯಿತು. ಬಾವಿಲ್ಲ, ಗಾಯವಿಲ್ಲ. ನಮ್ಮೂರಲ್ಲಿ ಬೆರಳು ಉರಿಯಿತೆಂದರೆ ಯಾರೂ ಎರಡನೇ ಕಾರಣ ಹುಡುಕುವುದಿಲ್ಲ: ಮೆಣಸಿನಕಾಯಿ. ಸುಗ್ಗಿಯಲ್ಲಿ ಮನೆಯ ಹೆಂಗಸರೆಲ್ಲ ಕೂತು ಅದರ ತೊಟ್ಟು ಬಿಡಿಸುವವರೇ. ಉರಿ ಹತ್ತಿದರೆ ತಣ್ಣನೆಯ ಮಜ್ಜಿಗೆಯಲ್ಲಿ ಬೆರಳು ಅದ್ದುವುದೇ ಮದ್ದು.

ಅತ್ತೆ ಬಟ್ಟಲ ತುಂಬ ಮಜ್ಜಿಗೆ ತಂದು ನನ್ನ ಕೈ ಹಿಡಿದು ಅದ್ದಿದರು. ಜೀವ ಹೋದಂತೆ ಚೀರಿದೆ.

“ಕೆಲಸ ಅಂದ್ರ ಬೆರಳು ನೋಯ್ತೈತಿ, ಮಜ್ಜಿಗಿ ಅಂದ್ರ ಚೀರ್ತಾಳ. ನಾಟಕ ಭಾಳ ಚಲೋ ಕಲ್ತಾಳ!” ಎಂದರು ಅತ್ತೆ.

ಬೆರಳಿಗಿಂತ ಆ ಮಾತು ಹೆಚ್ಚು ನೋಯಿಸಿತು. ನಾನೂ ಹಟಮಾರಿ, ಸುಗ್ಗಿಯಿಡೀ ಹಲ್ಲು ಕಚ್ಚಿ ತೊಟ್ಟು ಬಿಡಿಸಿದೆ. ಮಜ್ಜಿಗೆಯ ಬಟ್ಟಲು ಕಂಡರೆ ಮಾತ್ರ ಹಿತ್ತಲಿಗೆ ಓಡುತ್ತಿದ್ದೆ.

ಕೊನೆಗೆ ಯಜಮಾನರು ರಾಣೇಬೆನ್ನೂರಿನ ಎಲುಬಿನ ಡಾಕ್ಟರ ಬಳಿ ಕರೆದೊಯ್ದರು. ನನ್ನ ನಾಟಕ ಬಯಲಾಗುವುದನ್ನು ನೋಡಲು ಅತ್ತೆಯೂ ಬಸ್ ಹತ್ತಿದರು. ಡಾಕ್ಟರು ಪೆನ್ನಿನ ತುದಿಯಿಂದ ಉಗುರನ್ನು ಅಲ್ಲಲ್ಲಿ ಒತ್ತಿದರು. ಒಂದೇ ಒಂದು ಚುಕ್ಕೆಯಲ್ಲಿ ನಾನು ಕುರ್ಚಿ ಬಿಟ್ಟು ಎದ್ದೆ.

“ತಣ್ಣೀರು ತಾಕಿದ್ರ ನೋವು ಹೆಚ್ಚಾಗತೈತೇನವಾ?” ಎಂದು ಕೇಳಿದರು.

ಉತ್ತರಕ್ಕಿಂತ ಮೊದಲು ಅಳು ಬಂತು. ನನ್ನನ್ನು ನಂಬಿ ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು.

ಎರಡೂ ಕೈಗಳ ಎಕ್ಸ್‌ರೇ ತೆಗೆಸಿ ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಎಡ ಬೆರಳಿನ ತುದಿಯೆಲುಬು ನೆಟ್ಟಗಿತ್ತು. ಬಲದ್ದರಲ್ಲಿ ಪುಟ್ಟ ತಗ್ಗು, ಜೋಳದ ಕಾಳು ಒತ್ತಿ ತೆಗೆದಂತೆ.

“ಉಗುರಿನ ಕೆಳಗ ಸಣ್ಣ ಗಂಟೈತಿ. ಗಂಟು ಇದರಾಗ ಕಾಣಂಗಿಲ್ಲ, ಅದು ಎಲುಬು ಒತ್ತಿದ ಗುರುತು ಕಾಣತೈತಿ. ಇಂಥಾವು ಬಹಳ ಮಾಡಿ ಕೆಟ್ಟ ಗಂಟಲ್ಲ, ತೆಗದ್ರ ಆರಾಮಾಗತೈತಿ. ಥಂಡಿ ಮಾತ್ರ ಇದಕ್ಕ ಆಗಂಗಿಲ್ಲ,” ಎಂದರು ಡಾಕ್ಟರು.

ಅತ್ತೆ ಫಿಲ್ಮಿಗೆ ಮೂಗು ತಾಗುವಷ್ಟು ಹತ್ತಿರ ಹೋದರು. “ಮಜ್ಜಿಗಿನೂ?” ಎಂದು ಮೆಲ್ಲಗೆ ಕೇಳಿದರು.

“ಮಜ್ಜಿಗಿನೂ.”

ಬಸ್ಸು ಮೋಟೆಬೆನ್ನೂರು ದಾಟುವಷ್ಟರಲ್ಲಿ ಅತ್ತೆ ಎರಡು ಸಲ ಎಕ್ಸ್‌ರೇಯನ್ನು ಲಕೋಟೆಯಿಂದ ಹೊರತೆಗೆದು ನೋಡಿದರು. ನನಗೆ ಒಳಗೊಳಗೇ ಹಬ್ಬ.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲವೆಂದು ಪರೀಕ್ಷೆಯಲ್ಲೂ ಬಂತು. ಮನೆಗೆ ಮರಳಿದ ಮಧ್ಯಾಹ್ನ ಅಕ್ಕಪಕ್ಕದ ಹೆಂಗಸರು ನೋಡಲು ಬಂದರು. ಅತ್ತೆ ಎಕ್ಸ್‌ರೇಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ಒಬ್ಬೊಬ್ಬರಿಗೂ ತೋರಿಸಿದರು: “ನೋಡ್ರಿ, ಇಲ್ಲೈತಿ ತಗ್ಗು. ಹುಡುಗಿಗೆ ಖರೇನ ನೋವಿತ್ತು. ನನಗ ತಿಳೀಲಿಲ್ಲ.”

ಎಲ್ಲರೂ ಹೋದ ಮೇಲೆ ಅದೇ ಮಜ್ಜಿಗೆಯ ಬಟ್ಟಲು ಹಿಡಿದು ಬಂದರು. ನಾನು ರೂಢಿಯಂತೆ ಬ್ಯಾಂಡೇಜಿನ ಬೆರಳನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

“ಹೆದರಬ್ಯಾಡವ್ವ, ಕುಡಿಯಾಕ ತಂದೇನಿ,” ಎಂದು ಅತ್ತೆ ಬಟ್ಟಲನ್ನು ನನ್ನ ಬಾಯಿಯ ಹತ್ತಿರ ತಂದರು. “ನೀ ಮುಟ್ಟಬ್ಯಾಡ, ನಾನೇ ಹಿಡ್ಕೊಂತೇನಿ. ಬಟ್ಟಲ ತಣ್ಣಗೈತಿ.”